ಹೊಸೆ ಫಿಗೆರೆಸ್: ಯುದ್ಧ ಗೆದ್ದು ಸೈನ್ಯವನ್ನೇ ತೆಗೆದ ಅಧ್ಯಕ್ಷ (ಪದೇ ಪದೇ ಕೇಳುವ ಪ್ರಶ್ನೆಗಳು)

ಕೋಸ್ಟರಿಕಾ ದೇಶಕ್ಕೆ ಸೈನ್ಯವಿಲ್ಲ ಎಂಬ ಮಾತು ಕ್ವಿಜ್‌ಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಆಗಾಗ ಬರುತ್ತಿರುತ್ತದೆ. ಅದನ್ನು ಮಾಡಿದವರು ಯಾರು, ಯಾವ ಪರಿಸ್ಥಿತಿಯಲ್ಲಿ ಮಾಡಿದರು ಎಂಬುದು ಮಾತ್ರ ಬರುವುದಿಲ್ಲ. ಬಂದರೂ ಅರ್ಧ ಕತೆ. ಒಳ್ಳೆಯದಷ್ಟೇ ಹೇಳಿ ಮುಗಿಸಿಬಿಡುತ್ತಾರೆ. ಹೊಸೆ ಫಿಗೆರೆಸ್ ಫೆರ್ರೆರ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ವಿವರವಾಗಿಯೇ ಉತ್ತರ ಕೊಟ್ಟಿದ್ದೇನೆ.

ಫಿಗೆರೆಸ್ ಯಾರು? ಒಂದೇ ಉಸಿರಿನಲ್ಲಿ ಹೇಳಿ.

ಮಧ್ಯ ಅಮೆರಿಕದ ಕೋಸ್ಟರಿಕಾವನ್ನು ಮೂರು ಸಲ ಆಳಿದವರು. 1948ರ ಅಂತರ್ಯುದ್ಧ ಗೆದ್ದು 18 ತಿಂಗಳು ತಾತ್ಕಾಲಿಕ ಸರ್ಕಾರ ನಡೆಸಿದರು. ಆಮೇಲೆ ಚುನಾವಣೆಯಲ್ಲಿ ಗೆದ್ದು 1953ರಿಂದ 1958ರವರೆಗೆ, ಮತ್ತೆ 1970ರಿಂದ 1974ರವರೆಗೆ ಅಧ್ಯಕ್ಷರಾಗಿದ್ದರು. ಅಲ್ಲಿನ ಜನ ಅವರನ್ನು ಕರೆಯುವುದು ದೋನ್ ಪೆಪೆ ಎಂದು.

ಅವರು ಸೈನಿಕರಾಗಿದ್ದರಾ?

ಇಲ್ಲ, ಕೃಷಿಕರು. ಹುಟ್ಟಿದ್ದು 1906ರ ಸೆಪ್ಟೆಂಬರ್ 25ರಂದು, ಸ್ಯಾನ್ ರಮೋನ್ ಊರಿನಲ್ಲಿ. ತಂದೆ ತಾಯಿ ಸ್ಪೇನಿನ ಕತಲೋನಿಯಾದಿಂದ ಬಂದವರು, ತಂದೆ ವೈದ್ಯರು. ಮಗ ಇಂಜಿನಿಯರಿಂಗ್ ಓದಬೇಕೆಂದು 1924ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋದ. ಪದವಿ ಮುಗಿಸಲಿಲ್ಲ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿಕೊಂಡು 1928ರಲ್ಲಿ ಊರಿಗೆ ವಾಪಸ್ ಬಂದ.

ಬಂದವರು ರಾಜಧಾನಿ ಸ್ಯಾನ್ ಹೊಸೆಯ ದಕ್ಷಿಣಕ್ಕಿರುವ ಬೆಟ್ಟಗಳಲ್ಲಿ ಒಂದು ಜಮೀನು ಕೊಂಡರು. ಅದಕ್ಕೆ ಇಟ್ಟ ಹೆಸರು ಲಾ ಲೂಚಾ ಸಿನ್ ಫಿನ್, ಕೊನೆಯಿಲ್ಲದ ಹೋರಾಟ ಎಂದು. ಕಾಫಿ ಬೆಳೆದರು. ನಮ್ಮ ಕತ್ತಾಳೆಯನ್ನು ಹೋಲುವ ಕಾಬೂಯಾ ಎಂಬ ಗಿಡ ಬೆಳೆದು, ಅದರ ನಾರಿನಿಂದ ಹಗ್ಗ ಮತ್ತು ಕಾಫಿ ಚೀಲ ಮಾಡುವ ಕಾರ್ಖಾನೆ ಹಾಕಿದರು. ಕೆಲಸಗಾರರಿಗೆ ಮನೆ, ವೈದ್ಯರು, ಅವರ ಮಕ್ಕಳಿಗೆ ಪುಕ್ಕಟೆ ಹಾಲು, ಎಲ್ಲ ತೋಟದಲ್ಲೇ. ಮುಂದೆ ಇಡೀ ದೇಶಕ್ಕೆ ಏನು ಮಾಡಲು ಹೊರಟರೋ ಅದರ ಮೊದಲ ಪ್ರಯೋಗ ನಡೆದದ್ದು ಈ ತೋಟದಲ್ಲಿ.

ತೋಟ ನೋಡಿಕೊಂಡಿದ್ದವರು ರಾಜಕೀಯಕ್ಕೆ ಹೇಗೆ ಬಂದರು?

ಒಂದು ರೇಡಿಯೋ ಭಾಷಣದಿಂದ. 1942ರ ಜುಲೈ 2ರಂದು ಜರ್ಮನಿಯ ಸಬ್‌ಮರೀನ್ ಒಂದು ಲಿಮೋನ್ ಬಂದರಿನಲ್ಲೇ ಸ್ಯಾನ್ ಪಾಬ್ಲೊ ಎಂಬ ಹಡಗನ್ನು ಮುಳುಗಿಸಿತು. ಸರಕು ಇಳಿಸುತ್ತಿದ್ದ ಕಾರ್ಮಿಕರು ಸತ್ತರು. ಎರಡು ದಿನದ ನಂತರ ರಾಜಧಾನಿಯಲ್ಲಿ ಗಲಭೆ. ಜರ್ಮನ್, ಇಟಾಲಿಯನ್ ಮೂಲದವರ ಅಂಗಡಿಗಳನ್ನು ಲೂಟಿ ಮಾಡಿದರು. ಪೊಲೀಸರು ತಡೆಯಲಿಲ್ಲ.

ಜುಲೈ 8ರಂದು ಫಿಗೆರೆಸ್ ರೇಡಿಯೋದಲ್ಲಿ ಮಾತಿಗಿಳಿದರು. ಆಗ ಅಧ್ಯಕ್ಷರಾಗಿದ್ದ ರಫಾಯೆಲ್ ಆಂಹೆಲ್ ಕಾಲ್ದೆರೋನ್ ಗ್ವಾರ್ದಿಯಾ ಸರ್ಕಾರವನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಮಾತು ಮುಗಿಯುವ ಮೊದಲೇ ಪೊಲೀಸರು ಬಂದು ನಿಲ್ಲಿಸಿದರು. ಬಂಧನ, ಆಮೇಲೆ ಗಡೀಪಾರು. ಸುಮಾರು ಎರಡು ವರ್ಷ ಮೆಕ್ಸಿಕೋದಲ್ಲಿ ಇದ್ದರು. ಅದುವರೆಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ತೋಟಗಾರ 1944ರಲ್ಲಿ ವಾಪಸ್ ಬರುವಾಗ ವಿರೋಧ ಪಕ್ಷದ ನಾಯಕರಲ್ಲಿ ಒಬ್ಬರಾಗಿದ್ದರು.

ಹಾಗಾದರೆ ಕಾಲ್ದೆರೋನ್ ಕೆಟ್ಟ ಅಧ್ಯಕ್ಷರಾ?

ಇಲ್ಲಿ ಜಾಗ್ರತೆ ಬೇಕು. ಫಿಗೆರೆಸ್ ಕತೆ ಹೇಳುವವರು ಕಾಲ್ದೆರೋನ್ ಅವರನ್ನು ಖಳನಾಯಕ ಮಾಡಿಬಿಡುತ್ತಾರೆ. ಅದು ಅನ್ಯಾಯ. ಅವರು ವೃತ್ತಿಯಿಂದ ವೈದ್ಯರು. ಕೋಸ್ಟರಿಕಾ ವಿಶ್ವವಿದ್ಯಾಲಯ ಶುರುವಾದದ್ದು ಅವರ ಕಾಲದಲ್ಲಿ. 1941ರಲ್ಲಿ ಸಾಮಾಜಿಕ ವಿಮೆ, 1943ರಲ್ಲಿ ಕಾರ್ಮಿಕ ಕಾಯ್ದೆ ತಂದವರೂ ಅವರೇ. ಕಮ್ಯುನಿಸ್ಟ್ ನಾಯಕ ಮಾನ್ವೆಲ್ ಮೋರಾ ಮತ್ತು ಕ್ಯಾಥೊಲಿಕ್ ಆರ್ಚ್‌ಬಿಷಪ್ ವಿಕ್ತೋರ್ ಸನಾಬ್ರಿಯಾ ಇಬ್ಬರೂ ಅವರ ಸುಧಾರಣೆಗಳ ಬೆನ್ನಿಗೆ ನಿಂತಿದ್ದರು. ಇಂಥ ಜೋಡಿ ಇನ್ನೆಲ್ಲಿ ಸಿಗುತ್ತದೆ ಹೇಳಿ!

ಆದರೆ ಚುನಾವಣೆಯಲ್ಲಿ ಮೋಸ, ಆಡಳಿತದಲ್ಲಿ ಭ್ರಷ್ಟಾಚಾರ, ವಿರೋಧಿಗಳ ಮೇಲೆ ದಬ್ಬಾಳಿಕೆ ಎಂಬ ದೂರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋದವು. 1944ರಲ್ಲಿ ಅವರ ಕಡೆಯವರೇ ಆದ ತೆಯೊದೋರೊ ಪಿಕಾದೊ ಅಧ್ಯಕ್ಷರಾದರು. 1948ರಲ್ಲಿ ಕಾಲ್ದೆರೋನ್ ಮತ್ತೆ ಕಣಕ್ಕಿಳಿದರು.

ಅಂತರ್ಯುದ್ಧ ಯಾಕೆ ಆಯಿತು?

1948ರ ಫೆಬ್ರವರಿ 8ರ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಅಭ್ಯರ್ಥಿ, ಪತ್ರಿಕೆಯ ಮಾಲೀಕ ಒತೀಲಿಯೊ ಉಲಾತೆ ಮುಂದೆ ಇದ್ದರು. ಕಾಲ್ದೆರೋನ್ ಕಡೆಯವರು ಮೋಸ ನಡೆದಿದೆ ಎಂದರು. ಮತಪತ್ರಗಳನ್ನು ಇಟ್ಟಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಮಾರ್ಚ್ 1ರಂದು ಸಂಸತ್ತು ಅಧ್ಯಕ್ಷರ ಚುನಾವಣೆಯನ್ನೇ ರದ್ದು ಮಾಡಿತು.

ಫಿಗೆರೆಸ್ ಅದಕ್ಕಾಗಿ ಕಾದು ಕೂತವರಲ್ಲ, ಮೊದಲೇ ತಯಾರಾಗಿದ್ದರು. ಇದನ್ನು ಮರೆಯಬಾರದು. ಸುತ್ತಮುತ್ತಲಿನ ದೇಶಗಳ ಸರ್ವಾಧಿಕಾರಿಗಳನ್ನು ಉರುಳಿಸಲು ಹೊರಟಿದ್ದ ಗಡೀಪಾರಾದವರ ಜೊತೆ 1947ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಅವರಿಗೆ ಆಯುಧ ಕೊಟ್ಟದ್ದು ಗ್ವಾಟೆಮಾಲಾದ ಅಧ್ಯಕ್ಷ ಹ್ವಾನ್ ಹೊಸೆ ಅರೆವಾಲೊ. ಮೊದಲು ಕೋಸ್ಟರಿಕಾ, ಆಮೇಲೆ ನಿಕರಾಗುವಾ ಮತ್ತು ಡೊಮಿನಿಕನ್ ಗಣರಾಜ್ಯ ಎಂಬುದು ಮಾತು. ಎರಡನೆಯ ಭಾಗ ನಡೆಯಲೇ ಇಲ್ಲ. ಪ್ರಾಣ ಪಣಕ್ಕಿಟ್ಟು ಬಂದಿದ್ದ ನಿಕರಾಗುವಾದ ಹೋರಾಟಗಾರರಿಗೆ ತಮ್ಮನ್ನು ಬಳಸಿಕೊಂಡು ಬಿಟ್ಟರು ಎಂಬ ನೋವು ಉಳಿಯಿತು.

ಮಾರ್ಚ್ 12ರಂದು ಸ್ಯಾನ್ ಇಸಿದ್ರೊ ಪಟ್ಟಣದ ವಿಮಾನ ನಿಲ್ದಾಣ ಹಿಡಿಯುವುದರೊಂದಿಗೆ ಯುದ್ಧ ಶುರು. ವಿಮಾನಗಳು ಕೈಗೆ ಬಂದ ಮೇಲೆ ಗ್ವಾಟೆಮಾಲಾದಿಂದ ಆಯುಧ ತರಿಸಲು ದಾರಿಯಾಯಿತು. ಏಪ್ರಿಲ್ ಎರಡನೇ ವಾರದಲ್ಲಿ ಲಿಮೋನ್, ಕರ್ತಾಗೊ ಎರಡೂ ಬಿದ್ದವು. ಕರ್ತಾಗೊ ಹತ್ತಿರದ ಎಲ್ ತೆಹಾರ್ ಕದನ ಎಲ್ಲಕ್ಕಿಂತ ರಕ್ತಸಿಕ್ತ. ಏಪ್ರಿಲ್ 19ರಂದು ಮೆಕ್ಸಿಕೋ ರಾಯಭಾರ ಕಚೇರಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 24ರಂದು ಫಿಗೆರೆಸ್ ಪಡೆ ರಾಜಧಾನಿಗೆ ಬಂತು. ಒಟ್ಟು 44 ದಿನ. ಸತ್ತವರು ಸುಮಾರು 2,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆಗ ಹತ್ತು ಲಕ್ಷ ಜನರೂ ಇಲ್ಲದ ಪುಟ್ಟ ದೇಶಕ್ಕೆ ಇದು ಸಣ್ಣ ಲೆಕ್ಕವಲ್ಲ.

ಗೆದ್ದ ಮೇಲೆ ಅಧಿಕಾರ ಉಲಾತೆಗೆ ಕೊಟ್ಟರಾ, ಇಲ್ಲವಾ?

ತಕ್ಷಣ ಕೊಡಲಿಲ್ಲ. ಮೇ 1ರಂದು ಇಬ್ಬರ ನಡುವೆ ಒಪ್ಪಂದವಾಯಿತು. ಫಿಗೆರೆಸ್ ಮುಂದಾಳತ್ವದ ತಾತ್ಕಾಲಿಕ ಸರ್ಕಾರ 18 ತಿಂಗಳು ಸಂಸತ್ತಿಲ್ಲದೆ ಆಳುತ್ತದೆ, ಹೊಸ ಸಂವಿಧಾನ ಬರುತ್ತದೆ, ಆಮೇಲೆ ಉಲಾತೆ ಅಧ್ಯಕ್ಷರಾಗುತ್ತಾರೆ ಎಂದು. 1948ರ ಮೇ 8ರಂದು ಶುರುವಾದ ಈ ಸರ್ಕಾರ 1949ರ ನವೆಂಬರ್ 8ರಂದು ಹೇಳಿದ ದಿನಕ್ಕೇ ಕೆಳಗಿಳಿಯಿತು.

ನನ್ನ ಮಟ್ಟಿಗೆ ಫಿಗೆರೆಸ್ ಬದುಕಿನ ದೊಡ್ಡ ದಿನ ಇದು. ಬಂದೂಕು ಹಿಡಿದು ಬಂದವರು ಮುಗುಳ್ನಗುತ್ತಾ ಇನ್ನೊಂದು ವರ್ಷ, ಇನ್ನೆರಡು ವರ್ಷ ಎಂದು ಕೂತುಬಿಟ್ಟ ಕತೆಗಳೇ ಆ ಭಾಗದಲ್ಲಿ ಜಾಸ್ತಿ. ಫಿಗೆರೆಸ್‌ಗೂ ಅದು ಸಾಧ್ಯವಿತ್ತು. ಅದಕ್ಕೆ ಕಾರಣವೂ ಇತ್ತು, ಸಂವಿಧಾನ ರಚನಾ ಸಭೆಯ ಚುನಾವಣೆಯಲ್ಲಿ ಅವರ ಕಡೆಯವರು ಹೀನಾಯವಾಗಿ ಸೋತಿದ್ದರು. 45 ಸ್ಥಾನಗಳಲ್ಲಿ 34 ಉಲಾತೆ ಪಕ್ಷಕ್ಕೆ, ಫಿಗೆರೆಸ್ ಬೆಂಬಲಿಗರಿಗೆ ಬರೀ 4. ತಾತ್ಕಾಲಿಕ ಸರ್ಕಾರ ಬರೆದುಕೊಟ್ಟ ಕರಡನ್ನು ಆ ಸಭೆ ತಳ್ಳಿಹಾಕಿ, 1871ರ ಹಳೆಯ ಸಂವಿಧಾನವನ್ನೇ ಆಧಾರವಾಗಿ ಇಟ್ಟುಕೊಂಡಿತು. ಗೆದ್ದ ದಂಡನಾಯಕನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕಾ? ಅವರು ಸಭೆಯನ್ನು ವಿಸರ್ಜಿಸಲಿಲ್ಲ. ಒಪ್ಪಿಕೊಂಡರು.

ಸೈನ್ಯ ತೆಗೆದ ದಿನ ನಿಜವಾಗಿ ಏನಾಯಿತು?

1948ರ ಡಿಸೆಂಬರ್ 1. ಜಾಗ ಸ್ಯಾನ್ ಹೊಸೆಯ ಬೆಯ್ಯಾವಿಸ್ತಾ ಕೋಟೆ, ಅಂದರೆ ಸೈನ್ಯದ ಮುಖ್ಯ ಠಾಣೆ. ಫಿಗೆರೆಸ್ ಒಂದು ದೊಡ್ಡ ಸುತ್ತಿಗೆ ಎತ್ತಿ ಕೋಟೆಯ ಗೋಡೆಗೆ ಹೊಡೆದರು. ಅದರ ಫೋಟೊ ಈಗಲೂ ಅಲ್ಲಿನ ಶಾಲಾ ಮಕ್ಕಳಿಗೆ ಪರಿಚಿತ. ಕೋಟೆಯ ಕೀಲಿಯನ್ನು ಶಿಕ್ಷಣ ಮಂತ್ರಿಗೆ ಕೊಟ್ಟರು, ಅಲ್ಲಿ ಮ್ಯೂಸಿಯಂ ಮಾಡಿ ಎಂದು.

ಮಾರನೇ ವರ್ಷದ ಸಂವಿಧಾನದ 12ನೇ ವಿಧಿ ಇದನ್ನು ಕಾಯಂ ಮಾಡಿತು. ಕಾಯಂ ಸಂಸ್ಥೆಯಾಗಿ ಸೈನ್ಯ ಇರಕೂಡದು, ಕಾನೂನು ಸುವ್ಯವಸ್ಥೆಗೆ ಪೊಲೀಸರು ಇರುತ್ತಾರೆ. ದೇಶದ ರಕ್ಷಣೆಗೆ ಅಥವಾ ಅಮೆರಿಕ ಖಂಡದ ದೇಶಗಳ ಒಪ್ಪಂದದ ಪ್ರಕಾರ ಅಗತ್ಯ ಬಿದ್ದರೆ ಮಾತ್ರ ಪಡೆ ಕಟ್ಟಬಹುದು, ಅದೂ ನಾಗರಿಕ ಸರ್ಕಾರದ ಅಧೀನದಲ್ಲಿ.

ಶಾಂತಿಯ ಮೇಲಿನ ಪ್ರೀತಿಗಾಗಿ ಮಾಡಿದರಾ, ರಾಜಕೀಯ ಲೆಕ್ಕಾಚಾರಕ್ಕಾಗಿ ಮಾಡಿದರಾ?

ಎರಡೂ ಇತ್ತು. ಸೋತ ಸೈನ್ಯ ಹಳೆಯ ಸರ್ಕಾರಕ್ಕೆ ನಿಷ್ಠವಾಗಿತ್ತು. ಅದನ್ನು ಉಳಿಸಿಕೊಂಡರೆ ಯಾವತ್ತಾದರೂ ತಿರುಗಿಬೀಳಬಹುದು. ಅದು ಮೊದಲಿಂದಲೂ ಚಿಕ್ಕದು, ಹಾಗಾಗಿ ತೆಗೆಯುವುದೂ ಕಷ್ಟವಿರಲಿಲ್ಲ. ಸೈನ್ಯದ ದುಡ್ಡೆಲ್ಲ ಶಾಲೆಗೆ ಹೋಯಿತು, ಅದರಿಂದಲೇ ದೇಶ ಉದ್ಧಾರವಾಯಿತು ಎಂದು ಹೇಳುತ್ತಾರಲ್ಲ, ಅದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕೋಸ್ಟರಿಕಾ ಪುಕ್ಕಟೆ, ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 19ನೇ ಶತಮಾನದಲ್ಲೇ ತಂದಿತ್ತು.

ದೊಡ್ಡ ಲಾಭ ಬೇರೆ. ಸೇನಾ ದಂಗೆ ಎಬ್ಬಿಸಲು ಸೇನೆಯೇ ಇಲ್ಲದಂತಾಯಿತು. ಈ ಭಯ ಸುಮ್ನೆ ಅಲ್ಲ ಎಂಬುದಕ್ಕೆ ಸಾಕ್ಷಿ ಬೇಗ ಸಿಕ್ಕಿತು. ತಾತ್ಕಾಲಿಕ ಸರ್ಕಾರದ ಭದ್ರತಾ ಮಂತ್ರಿ ಎದ್ಗಾರ್ ಕರ್ದೋನಾ 1949ರ ಏಪ್ರಿಲ್ ಆರಂಭದಲ್ಲಿ ತಾನೇ ದಂಗೆ ಎದ್ದರು. ಬ್ಯಾಂಕ್ ರಾಷ್ಟ್ರೀಕರಣ ಮತ್ತು ಶ್ರೀಮಂತರ ಆಸ್ತಿಯ ಮೇಲೆ ಹಾಕಿದ ಶೇ. 10ರ ತೆರಿಗೆ ಬೇಡ ಎಂಬುದು ಅವರ ಬೇಡಿಕೆಗಳಲ್ಲಿತ್ತು. ದಂಗೆ ಬೇಗನೆ ತಣ್ಣಗಾಯಿತು. ಅಲ್ಲಿಂದ ಇಲ್ಲಿಯವರೆಗೆ ಕೋಸ್ಟರಿಕಾದಲ್ಲಿ ಚುನಾವಣೆಯಿಲ್ಲದೆ ಅಧ್ಯಕ್ಷರಾದವರು ಒಬ್ಬರೂ ಇಲ್ಲ.

ಸೈನ್ಯವಿಲ್ಲದಿದ್ದರೆ ಪಕ್ಕದ ದೇಶ ದಾಳಿ ಮಾಡಲಿಲ್ಲವಾ?

ಮಾಡಿತು. ಸುತ್ತಿಗೆ ಹೊಡೆದು ಹತ್ತು ದಿನ ಆಗುವಷ್ಟರಲ್ಲೇ ಕಾಲ್ದೆರೋನ್ ಬೆಂಬಲಿಗರು ನಿಕರಾಗುವಾದಿಂದ ಗಡಿ ದಾಟಿ ಬಂದರು. ಕೋಸ್ಟರಿಕಾ ಅಮೆರಿಕ ಖಂಡದ ದೇಶಗಳ ಸಂಘಟನೆಗೆ ದೂರು ಕೊಟ್ಟಿತು. ಒಂದು ದೇಶದ ಮೇಲೆ ದಾಳಿಯಾದರೆ ಉಳಿದವರು ನೆರವಿಗೆ ಬರಬೇಕೆಂಬ ರಿಯೊ ರಕ್ಷಣಾ ಒಪ್ಪಂದ ಜಾರಿಗೆ ಬಂದು ಆಗಿನ್ನೂ ಕೆಲವೇ ದಿನ. ಸಂಘಟನೆ ತನಿಖಾ ತಂಡ ಕಳಿಸಿತು, ದಾಳಿ ನಿಂತಿತು.

1955ರ ಜನವರಿಯಲ್ಲಿ ಮತ್ತೊಂದು ದಾಳಿ. ಈ ಸಲ ನಿಕರಾಗುವಾದ ಸರ್ವಾಧಿಕಾರಿ ಅನಸ್ತಾಸಿಯೊ ಸೊಮೋಸಾ ಬೆಂಬಲ ಎದ್ದು ಕಾಣುತ್ತಿತ್ತು. ಸೊಮೋಸಾ ಫಿಗೆರೆಸ್ ಅವರನ್ನು ಪಿಸ್ತೂಲಿನ ದ್ವಂದ್ವಯುದ್ಧಕ್ಕೂ ಕರೆದಿದ್ದರು. ಆಗ ಅಮೆರಿಕ ನಾಲ್ಕು ಮಸ್ಟಾಂಗ್ ಯುದ್ಧ ವಿಮಾನಗಳನ್ನು ಒಂದೊಂದು ಡಾಲರಿಗೆ ಕೋಸ್ಟರಿಕಾಗೆ ಮಾರಿತು. ದಾಳಿ ಮುರಿದುಬಿತ್ತು.

ಅಂದರೆ ಸೈನ್ಯವಿಲ್ಲದ ದೇಶ ಒಂಟಿಯಾಗಿ ನಿಂತು ಉಳಿದಿಲ್ಲ. ಅಂತರರಾಷ್ಟ್ರೀಯ ಕಾನೂನು ಮತ್ತು ಬಲಿಷ್ಠ ಮಿತ್ರರ ಆಸರೆ ಇತ್ತು. 2010ರಲ್ಲಿ ಸ್ಯಾನ್ ಹ್ವಾನ್ ನದಿಯ ಬಳಿಯ ಜಾಗಕ್ಕೆ ನಿಕರಾಗುವಾದ ಪಡೆ ನುಗ್ಗಿದಾಗಲೂ ಕೋಸ್ಟರಿಕಾ ಹೋದದ್ದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ. 2015ರಲ್ಲಿ ಆ ಜಾಗ ಕೋಸ್ಟರಿಕಾದ್ದೇ ಎಂದು ತೀರ್ಪು ಬಂತು.

ಆ 18 ತಿಂಗಳಲ್ಲಿ ಬೇರೇನು ಬದಲಾಯಿತು?

ತುಂಬಾ. 1948ರ ಜೂನ್‌ನಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ. ಸಣ್ಣ ರೈತನಿಗೂ ಸಾಲ ಸಿಗಬೇಕು, ಸಾಲ ಯಾರಿಗೆ ಎಂದು ನಾಲ್ಕು ಕುಟುಂಬಗಳು ತೀರ್ಮಾನಿಸಬಾರದು ಎಂಬುದು ಅವರ ವಾದ. 1949ರಲ್ಲಿ ವಿದ್ಯುತ್ತಿಗಾಗಿ ಐಸಿಇ ಎಂಬ ಸರ್ಕಾರಿ ಸಂಸ್ಥೆ. ಇವತ್ತು ಕೋಸ್ಟರಿಕಾದ ಹೆಚ್ಚಿನ ವಿದ್ಯುತ್ತು ನೀರು, ಗಾಳಿ, ಭೂಮಿಯೊಳಗಿನ ಶಾಖದಿಂದ ಬರುತ್ತದಲ್ಲ, ಅದರ ಬೇರು ಇಲ್ಲಿದೆ.

ಹೊಸ ಸಂವಿಧಾನ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಅವರು ಮೊದಲ ಸಲ ಮತ ಹಾಕಿದ್ದು 1950ರ ಜುಲೈ 30ರಂದು, ಲಾ ತೀಗ್ರಾ ಮತ್ತು ಲಾ ಫೋರ್ತೂನಾ ಎಂಬ ಹಳ್ಳಿಗಳಲ್ಲಿ. ಲಿಮೋನ್ ಕಡೆ ತಲೆಮಾರುಗಳಿಂದ ದುಡಿಯುತ್ತಿದ್ದ ಜಮೈಕಾ ಮೂಲದ ಕಪ್ಪು ಜನರಿಗೆ ಪೌರತ್ವದ ದಾರಿ ತೆರೆಯಿತು. ಚುನಾವಣೆ ನಡೆಸಲು ಸರ್ಕಾರದ ಹಿಡಿತಕ್ಕೆ ಸಿಗದ ಪ್ರತ್ಯೇಕ ನ್ಯಾಯಮಂಡಳಿ ಬಂತು. ನನಗೆ ಕೇಳಿದರೆ, ಯುದ್ಧ ಹುಟ್ಟಿದ್ದೇ ಮತ ಎಣಿಕೆಯ ಜಗಳದಿಂದ, ಹಾಗಾಗಿ ಸೈನ್ಯ ತೆಗೆದದ್ದಕ್ಕಿಂತ ಇದೇನೂ ಕಡಿಮೆಯಲ್ಲ. ಕಾಲ್ದೆರೋನ್ ತಂದ ಸಾಮಾಜಿಕ ವಿಮೆ, ಕಾರ್ಮಿಕ ಕಾಯ್ದೆಯನ್ನು ಫಿಗೆರೆಸ್ ಮುಟ್ಟಲಿಲ್ಲ. ಶತ್ರು ಮಾಡಿದ ಒಳ್ಳೆಯ ಕೆಲಸ ಎಂಬ ಕಾರಣಕ್ಕೆ ಅದನ್ನು ಕೆಡವಲಿಲ್ಲ.

ಅವರ ಮೇಲಿರುವ ಗಂಭೀರ ಆರೋಪಗಳು ಯಾವುವು?

ಇದನ್ನು ಬಿಟ್ಟು ಫಿಗೆರೆಸ್ ಬಗ್ಗೆ ಬರೆಯುವುದು ತಪ್ಪು. ಯುದ್ಧ ಮುಗಿಯುವ ಹೊತ್ತಿಗೆ ಒಚೊಮೊಗೊ ಎಂಬ ಬೆಟ್ಟದಲ್ಲಿ ಅವರು ಮಾನ್ವೆಲ್ ಮೋರಾ ಅವರನ್ನು ಭೇಟಿಯಾಗಿದ್ದರು. ಸಾಮಾಜಿಕ ಹಕ್ಕುಗಳನ್ನು ಉಳಿಸುತ್ತೇನೆ, ಕಮ್ಯುನಿಸ್ಟ್ ಪಕ್ಷಕ್ಕೆ ತೊಂದರೆ ಕೊಡುವುದಿಲ್ಲ ಎಂಬ ಮಾತು ಆಯಿತು. ಮೊದಲನೆಯದನ್ನು ಉಳಿಸಿಕೊಂಡರು, ಎರಡನೆಯದನ್ನು ಮುರಿದರು. ಪಕ್ಷವನ್ನು ನಿಷೇಧಿಸಿದರು. ಸಂವಿಧಾನದಲ್ಲೇ ಸೇರಿದ ಆ ನಿಷೇಧ ಹೋದದ್ದು 1975ರಲ್ಲಿ.

ಸೋತವರನ್ನು ವಿಚಾರಿಸಲು ವಿಶೇಷ ನ್ಯಾಯಾಲಯಗಳನ್ನು ಮಾಡಿದರು. ಅಲ್ಲಿ ನ್ಯಾಯ ಸಿಗುವುದು ಕಷ್ಟವಿತ್ತು. ಎಷ್ಟೋ ಮಂದಿ ಕೆಲಸ ಕಳಕೊಂಡರು, ಊರು ಬಿಟ್ಟರು. ಎಲ್ಲಕ್ಕಿಂತ ಘೋರವಾದದ್ದು 1948ರ ಡಿಸೆಂಬರ್ 19ರ ರಾತ್ರಿಯದು. ಲಿಮೋನ್‌ನಲ್ಲಿ ಬಂಧನದಲ್ಲಿದ್ದ ಆರು ಜನರನ್ನು ರೈಲಿನಲ್ಲಿ ಕರೆದೊಯ್ದು, ಕೋದೊ ದೆಲ್ ದಿಯಾಬ್ಲೊ ಎಂಬ ತಿರುವಿನಲ್ಲಿ ಗುಂಡಿಟ್ಟು ಕೊಂದರು. ಅವರ ಕೈಗೆ ಕೋಳ ಇತ್ತು. ಸತ್ತವರಲ್ಲಿ ಕಾರ್ಮಿಕ ಸಂಘದವರು, ಕಮ್ಯುನಿಸ್ಟರು ಇದ್ದರು. ಇದು ಸೈನ್ಯ ತೆಗೆದು ಮೂರು ವಾರ ಆಗುವ ಮೊದಲು ಸರ್ಕಾರದ ವಶದಲ್ಲಿ ನಡೆದ ಕೊಲೆ. ಸುತ್ತಿಗೆಯ ಫೋಟೊ ನೋಡಿ ಹೆಮ್ಮೆ ಪಡುವವರು ಈ ಆರು ಜನರನ್ನೂ ನೆನೆಯಬೇಕು.

ಚುನಾಯಿತ ಅಧ್ಯಕ್ಷರಾಗಿ ಹೇಗಿದ್ದರು?

1951ರಲ್ಲಿ ರಾಷ್ಟ್ರೀಯ ವಿಮೋಚನಾ ಪಕ್ಷ ಕಟ್ಟಿದರು. 1953ರಲ್ಲಿ ಸುಮಾರು ಶೇ. 65 ಮತ ಪಡೆದು ಗೆದ್ದರು. ಬಾಳೆಹಣ್ಣಿನ ವ್ಯಾಪಾರವನ್ನೆಲ್ಲ ಹಿಡಿದಿಟ್ಟಿದ್ದ ಯುನೈಟೆಡ್ ಫ್ರೂಟ್ ಕಂಪನಿ ಜೊತೆ ಮತ್ತೆ ಮಾತುಕತೆಗೆ ಕೂತು, 1954ರಲ್ಲಿ ಲಾಭದಲ್ಲಿ ದೇಶದ ಪಾಲನ್ನು ಸುಮಾರು ಶೇ. 30ಕ್ಕೆ ಏರಿಸಿದರು. ಅದೇ ವರ್ಷ ಗ್ವಾಟೆಮಾಲಾದ ಚುನಾಯಿತ ಸರ್ಕಾರ ಅಮೆರಿಕದ ಕೈವಾಡದಿಂದ ಬಿತ್ತು, ಅಲ್ಲೂ ಈ ಕಂಪನಿಯ ಜಮೀನಿನ ಜಗಳವಿತ್ತು. ಫಿಗೆರೆಸ್ ಜಮೀನು ಕಿತ್ತುಕೊಳ್ಳಲಿಲ್ಲ, ತೆರಿಗೆ ಕೇಳಿದರು. ಕಮ್ಯುನಿಸ್ಟ್ ವಿರೋಧಿ ಎಂಬ ಹೆಸರು ಅವರನ್ನು ಕಾಪಾಡಿತು.

1958ರಲ್ಲಿ ಅವರ ಪಕ್ಷದ ಅಭ್ಯರ್ಥಿ ಸೋತರು. ವಿರೋಧ ಪಕ್ಷದ ಮಾರಿಯೊ ಎಚಾಂದಿಗೆ ಅಧಿಕಾರ ಬಿಟ್ಟುಕೊಟ್ಟರು. ಯುದ್ಧ ಗೆದ್ದವರು ಮತದಲ್ಲಿ ಸೋತು ಮನೆಗೆ ಹೋಗಬಹುದು ಎಂಬುದು ಆಗ ಖಾತ್ರಿಯಾಯಿತು.

ಅಮೆರಿಕದ ಕೈಗೊಂಬೆ ಎನ್ನುತ್ತಾರಲ್ಲ, ನಿಜವಾ?

ಅಷ್ಟು ಸರಳ ಅಲ್ಲ. ಸಿಐಎ ಜೊತೆ ಕೆಲಸ ಮಾಡಿದ್ದನ್ನು ಅವರೇ ಆಮೇಲೆ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ಮನುಷ್ಯ 1954ರಲ್ಲಿ ಅಮೆರಿಕ ಖಂಡದ ದೇಶಗಳು ವೆನೆಜುವೆಲಾದ ರಾಜಧಾನಿ ಕರಾಕಾಸ್‌ನಲ್ಲಿ ನಡೆಸಿದ ಸಮ್ಮೇಳನಕ್ಕೆ, ಸರ್ವಾಧಿಕಾರಿಯ ಊರಿನಲ್ಲಿ ನಡೆಯುತ್ತಿದೆ ಎಂದು, ದೇಶದ ಪ್ರತಿನಿಧಿಗಳನ್ನು ಕಳಿಸಲಿಲ್ಲ. 1958ರಲ್ಲಿ ಉಪಾಧ್ಯಕ್ಷ ನಿಕ್ಸನ್ ಮೇಲೆ ಕರಾಕಾಸ್ ಜನ ಉಗುಳಿದಾಗ ವಾಷಿಂಗ್ಟನ್‌ಗೆ ಹೋಗಿ ಅಮೆರಿಕದ ಸಂಸತ್ ಸಮಿತಿಯ ಎದುರಿಗೇ ಹೇಳಿದರು: ಜನ ಉಗುಳಬೇಕೆಂದಿದ್ದು ನಿಮ್ಮ ವಿದೇಶಾಂಗ ನೀತಿಯ ಮೇಲೆ, ಅದರ ಮೇಲೆ ಉಗುಳಲು ಆಗುವುದಿಲ್ಲವಲ್ಲ ಎಂದು.

ಕ್ಯೂಬಾದ ಕ್ರಾಂತಿಕಾರಿ ಫಿದೆಲ್ ಕ್ಯಾಸ್ಟ್ರೊಗೆ ಆಯುಧ ಕಳಿಸಿದವರೂ ಇವರೇ. 1959ರಲ್ಲಿ ಹವಾನಾದ ಸಭೆಯಲ್ಲಿ, ದೊಡ್ಡ ಶಕ್ತಿಗಳ ಜಗಳದಲ್ಲಿ ನಾವು ಅಮೆರಿಕದ ಪಕ್ಕ ನಿಲ್ಲಬೇಕು ಎಂದಾಗ ಕಾರ್ಮಿಕ ನಾಯಕರೊಬ್ಬರು ಮೈಕ್ ಕಿತ್ತುಕೊಂಡರು. ಆ ಸ್ನೇಹ ಅಲ್ಲಿಗೆ ಮುಗಿಯಿತು.

ಮೂರನೇ ಅವಧಿ ಹೇಗಿತ್ತು?

ಒಳ್ಳೆಯದೂ ಕೆಟ್ಟದ್ದೂ ಬೆರೆತಿತ್ತು. ಬಡತನ ನಿವಾರಣೆಗೆ ಸಂಸ್ಥೆ, ಎರಡು ಹೊಸ ಉನ್ನತ ವಿದ್ಯಾಸಂಸ್ಥೆಗಳು, ರಾಷ್ಟ್ರೀಯ ಉದ್ಯಾನಗಳ ಕೆಲಸ ಈ ಕಾಲದ್ದು. ರಾಷ್ಟ್ರೀಯ ವಾದ್ಯವೃಂದವನ್ನು ಹೊಸದಾಗಿ ಕಟ್ಟಿ, ಮಕ್ಕಳಿಗೆ ಸಂಗೀತ ಕಲಿಸಲು ದುಡ್ಡು ಹಾಕಿದರು. ಪಿಟೀಲು ಇಲ್ಲದೆ ಟ್ರ್ಯಾಕ್ಟರ್ ಯಾಕೆ ಎಂಬ ಅವರ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ನನಗೆ ತುಂಬಾ ಇಷ್ಟವಾದ ಮಾತು ಅದು. 1971ರ ಡಿಸೆಂಬರಿನಲ್ಲಿ ಅಪಹರಣವಾದ ವಿಮಾನವೊಂದು ಸ್ಯಾನ್ ಹೊಸೆಯಲ್ಲಿ ಇಳಿದಾಗ, 65 ವರ್ಷದ ಅಧ್ಯಕ್ಷರು ತಾವೇ ಬಂದೂಕು ಹಿಡಿದು ನಿಲ್ದಾಣಕ್ಕೆ ಹೋಗಿದ್ದರು!

ಆದರೆ ರಾಬರ್ಟ್ ವೆಸ್ಕೊ ಪ್ರಕರಣ ಅಳಿಸಲಾಗದ ಕಲೆ. ಹೂಡಿಕೆದಾರರ 20 ಕೋಟಿ ಡಾಲರಿಗೂ ಹೆಚ್ಚು ಹಣ ದೋಚಿದ ಆರೋಪ ಹೊತ್ತು ಅಮೆರಿಕದಿಂದ ಓಡಿಬಂದವರು ವೆಸ್ಕೊ. ಅವರು ಫಿಗೆರೆಸ್ ಕುಟುಂಬದ ಕಂಪನಿಯಲ್ಲಿ ಇಪ್ಪತ್ತು ಲಕ್ಷ ಡಾಲರಿಗೂ ಜಾಸ್ತಿ ಹಾಕಿದರು. 1974ರಲ್ಲಿ ಆರೋಪಿಗಳನ್ನು ಬೇರೆ ದೇಶಕ್ಕೆ ಒಪ್ಪಿಸುವ ಕಾನೂನು ಬದಲಾಯಿತು, ವೆಸ್ಕೊ ಅವರನ್ನು ಅಮೆರಿಕಕ್ಕೆ ಒಪ್ಪಿಸುವುದು ಕಷ್ಟವಾಯಿತು. ದೇಶಕ್ಕೆ ಬಂಡವಾಳ ಬೇಕಿತ್ತು ಎಂಬ ಫಿಗೆರೆಸ್ ಸಮರ್ಥನೆಯನ್ನು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

ಗ್ವಾಟೆಮಾಲಾ, ಎಲ್ ಸಾಲ್ವಡೋರ್‌ನಲ್ಲಿ ಇದು ಯಾಕೆ ಆಗಲಿಲ್ಲ?

ಅಲ್ಲಿ ಯುದ್ಧ ವರ್ಷಗಟ್ಟಲೆ ನಡೆಯಿತು. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ, ಎಲ್ ಸಾಲ್ವಡೋರ್‌ನಲ್ಲಿ 1992ರವರೆಗೆ ಸುಮಾರು 12 ವರ್ಷ. ಸೈನ್ಯವೇ ಅಲ್ಲಿ ರಾಜ್ಯವಾಗಿತ್ತು. ಕೋಸ್ಟರಿಕಾದ್ದು 44 ದಿನದ ಯುದ್ಧ, ಸೈನ್ಯ ದುರ್ಬಲ. ಹೀಗೆ ಹೇಳಿದರೆ ಫಿಗೆರೆಸ್ ಸಾಧನೆ ಸಣ್ಣದಾಗುವುದಿಲ್ಲ. ಸಿಕ್ಕ ಅವಕಾಶ ಚಿಕ್ಕದಿತ್ತು, ಅದನ್ನು ಅವರು ಕಳೆಯಲಿಲ್ಲ.

ಕೋಸ್ಟರಿಕಾಗೆ ಹೋದರೆ ಏನು ನೋಡಬಹುದು?

ಬೆಯ್ಯಾವಿಸ್ತಾ ಕೋಟೆ ಈಗ ರಾಷ್ಟ್ರೀಯ ಮ್ಯೂಸಿಯಂ. 1948ರ ಗುಂಡೇಟಿನ ಗುರುತುಗಳು ಗೋಡೆಯಲ್ಲಿ ಇನ್ನೂ ಇವೆ. ಸ್ಯಾನ್ ರಮೋನ್‌ನಲ್ಲಿ ಅವರು ಹುಟ್ಟಿದ ಮನೆಯ ಜಾಗದಲ್ಲಿ ಅವರ ಹೆಸರಿನ ಸಾಂಸ್ಕೃತಿಕ ಕೇಂದ್ರವಿದೆ. ಡಿಸೆಂಬರ್ 1ರಂದು ಹೋದರೆ ಸೈನ್ಯ ರದ್ದಾದ ದಿನದ ಆಚರಣೆಯೂ ಸಿಗುತ್ತದೆ.

ಅವರ ಕುಟುಂಬದವರು ಈಗ ಏನು ಮಾಡುತ್ತಿದ್ದಾರೆ? ಕಾಲ್ದೆರೋನ್ ಕುಟುಂಬದ ಜೊತೆ ಹಗೆ ಉಳಿದಿದೆಯಾ?

ಮೊದಲ ಹೆಂಡತಿ ಹೆನ್ರಿಯೆಟಾ ಬಾಗ್ಸ್, ಎರಡನೆಯವರು ಕ್ಯಾರೆನ್ ಓಲ್ಸೆನ್. ಮಗಳು ಕ್ರಿಸ್ತಿಯಾನಾ ಫಿಗೆರೆಸ್ ವಿಶ್ವಸಂಸ್ಥೆಯ ಹವಾಮಾನ ವಿಭಾಗದ ಮುಖ್ಯಸ್ಥೆಯಾಗಿದ್ದಾಗ 2015ರ ಪ್ಯಾರಿಸ್ ಒಪ್ಪಂದ ಆಯಿತು. ಪತ್ರಿಕೆ ಓದುವ ಎಷ್ಟೋ ಜನರಿಗೆ ಮಗಳ ಹೆಸರು ಗೊತ್ತು, ಅಪ್ಪನದು ಗೊತ್ತಿಲ್ಲ.

ಇನ್ನು ಹಗೆಯ ವಿಚಾರ. ಕಾಲ್ದೆರೋನ್ ಗಡೀಪಾರಿನಿಂದ ವಾಪಸ್ ಬಂದು 1962ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತರು. 1970ರಲ್ಲಿ ತೀರಿಕೊಂಡರು. ಫಿಗೆರೆಸ್ ತೀರಿಕೊಂಡದ್ದು 1990ರ ಜೂನ್ 8ರಂದು. ಆಗ ಅಧ್ಯಕ್ಷರಾಗಿದ್ದವರು ಕಾಲ್ದೆರೋನ್ ಅವರ ಮಗ ರಫಾಯೆಲ್ ಆಂಹೆಲ್ ಕಾಲ್ದೆರೋನ್ ಫೌರ್ನಿಯೆರ್. ಅವರು ಅಧಿಕಾರಕ್ಕೆ ಬಂದು ಸರಿಯಾಗಿ ಒಂದು ತಿಂಗಳಾಗಿತ್ತು. ನಾಲ್ಕು ವರ್ಷದ ನಂತರ, 1994ರ ಮೇ 8ರಂದು, ಅವರು ಅಧಿಕಾರ ಬಿಟ್ಟುಕೊಟ್ಟದ್ದು ಚುನಾವಣೆಯಲ್ಲಿ ಗೆದ್ದು ಬಂದ ಹೊಸೆ ಮರಿಯಾ ಫಿಗೆರೆಸ್ ಓಲ್ಸೆನ್‌ಗೆ. ಅಂದರೆ ದೋನ್ ಪೆಪೆಯ ಮಗನಿಗೆ.